ನೀಲಗಂಗಾ ಬಾಗಿಲಿಗೆ ಬಣ್ಣ ಬಳಿದ ವಾರ

ಗಜೇಂದ್ರಗಡ,
ಎರಡನೆಯ ವೈಶಾಖದ ನಲವತ್ತೊಂದನೆಯ ದಿನ

ಪರೀಕ್ಷೆ ಹತ್ತಿರ ಬಂದರೂ ಓದಲು ಕೂರಲಾಗದೆ ಒದ್ದಾಡುತ್ತಿರುವ, ಹೆಸರು ತಿಳಿಯದ ನಿಮಗೆ ಕಳಕಪ್ಪನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಬೇಸಿಗೆ ನಿಮ್ಮದಕ್ಕಿಂತ ಉದ್ದ. ಪಂಚಾಂಗದಲ್ಲಿ ಅದಕ್ಕೆ ಜಾಗ ಸಾಲದೆ ಹಿರಿಯರು ವೈಶಾಖವನ್ನು ಎರಡು ಮಾಡಿದರು, ಆಮೇಲೆ ಎರಡನೆಯದನ್ನು ಹಿಗ್ಗಿಸಿದರು. ನನ್ನ ಕನ್ನಡದಲ್ಲೂ ನಿಮ್ಮ ಕಿವಿಗೆ ಒಗ್ಗದ ಮಾತುಗಳು ಬರುತ್ತವೆ, ಮನ್ನಿಸಬೇಕು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಆಗಿಹೋದ ಕಾಲದವರಿಗೆ ಕಾಗದ ಕಳಿಸುವ ವ್ಯವಸ್ಥೆ. ಮನೆಗೊಂದೇ ಕಾಗದ, ತಲುಪಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಬೇರೆಯವರು ತಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿರುವುದು ನನ್ನ ತಂಗಿ ನೀಲಗಂಗಾಳಿಗೆ ಆದದ್ದನ್ನು ತಿಳಿಸಲು.

ಇಲ್ಲಿ ಬಿಸಿಲೇರುವ ಮೊದಲೇ ಸಂತೆ, ಶಾಲೆ, ಮದುವೆ ಎಲ್ಲ ಮುಗಿಯಬೇಕು. ಹೊತ್ತೇರಿದ ಮೇಲೆ ಜನ ನೆಲಮನೆಗೆ ಇಳಿಯುತ್ತಾರೆ. ಪ್ರತಿ ಮನೆಯ ಅಡಿಯಲ್ಲೂ ಕಲ್ಲು ಕೊರೆದು ಮಾಡಿದ ತಂಪು ಕೋಣೆ ಅದು. ಏನು ಕೇಳಿದರೂ ಹೇಳುವ ಯಂತ್ರ ಗೋಡೆಯಲ್ಲಿದೆ, ಉತ್ತರಿ ಎನ್ನುತ್ತೇವೆ. ನಮ್ಮ ಅಜ್ಜಿಯ ಅಜ್ಜಿಯ ಕಾಲದಲ್ಲಿ ಒಂದು ಮಳೆಗಾಲ ಪೂರ್ತಿ ಉತ್ತರಿಗಳೆಲ್ಲ ಬಾಯಿ ಮುಚ್ಚಿಕೊಂಡವು. ಜ್ವರಕ್ಕೆ ಯಾವ ಮದ್ದು ಎಂದು ಹೇಳುವ ಒಬ್ಬ ಮನುಷ್ಯನೂ ಊರಲ್ಲಿ ಉಳಿದಿರಲಿಲ್ಲವಂತೆ. ಅಂದಿನಿಂದ ಪ್ರತಿ ಊರಿಗೂ ನೆನಪಿಗರು ಇರಲೇಬೇಕೆಂದು ಕಾಯಿದೆಯಾಯಿತು. ನೀರಿಗೊಬ್ಬರು, ಬೇನೆಗೊಬ್ಬರು, ಹೆರಿಗೆಗೊಬ್ಬರು. ಅವರು ತಮ್ಮ ವಿದ್ಯೆಯನ್ನು ತಲೆಯಲ್ಲೇ ಹೊತ್ತಿರಬೇಕು. ಅದಕ್ಕೆ ಕಾಲೇಜು ಉಂಟು, ಕೊನೆಯಲ್ಲಿ ಬಾಯಿಪರೀಕ್ಷೆ ಉಂಟು. ಕೇಳಿದ್ದಕ್ಕೆ ಮೂವರು ಗುರುಗಳ ಮುಂದೆ ನಿಂತು, ಯಂತ್ರವಿಲ್ಲದೆ, ಕಾಗದವಿಲ್ಲದೆ ಹೇಳಬೇಕು.

ನಮ್ಮೂರ ಹೆರಿಗೆಯ ನೆನಪಿಗರು ಆಗ ನಮ್ಮ ಸೋದರತ್ತೆ ಗಿರಿಜವ್ವ. ಅವರ ಮಂಡಿಗಳು ಸವೆದು ಹೋಗಿದ್ದವು. ಅವರ ನಂತರ ನೀಲಗಂಗಾ ಎಂದು ಊರವರೇ ಆರಿಸಿ ಅವಳನ್ನು ಗದಗಿನ ಕಾಲೇಜಿಗೆ ಕಳಿಸಿದ್ದರು. ಮೊದಲ ವರ್ಷಗಳಲ್ಲಿ ಅವಳು ಊಟದ ತಟ್ಟೆಯ ಮುಂದೆಯೂ ಪಾಠ ಒಪ್ಪಿಸುತ್ತಿದ್ದಳು. ಕೊನೆಯ ಪರೀಕ್ಷೆಗೆ ಮುಂಚೆ ಓದುರಜೆಗೆಂದು ಮನೆಗೆ ಬಂದಾಗ ಮಾತ್ರ ಬೇರೆಯೇ ಹುಡುಗಿಯಾಗಿದ್ದಳು.

ಬಂದ ದಿನ ಗಾಳಿಜರಡಿ ಬಿಚ್ಚಿ ತೊಳೆದಳು. ನೆಲಮನೆಗೆ ಹೋಗುವ ಗಾಳಿಯ ಧೂಳು ಹಿಡಿಯುವ ಬಲೆ ಅದು, ಅವ್ವ ಆಗಲೇ ತೊಳೆದಿಟ್ಟಿದ್ದಳು. ಮರುದಿನ ಅಟ್ಟದ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಎತ್ತರದ ಪ್ರಕಾರ ಜೋಡಿಸಿದಳು. ಪಕ್ಕದ ಮನೆಯ ಹುಡುಗಿಯರನ್ನು ಕರೆದು ಹೆರಳು ಹಾಕಿದಳು, ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಹಾಕಿದಳು. ಪುಸ್ತಕ ತೆರೆದು ಕೂತರೆ ಒಂದು ಪುಟ ಮುಗಿಯುವ ಮೊದಲೇ ಎದ್ದು ನೀರು ಕುಡಿಯುವಳು, ಕಿಟಕಿ ತೆರೆಯುವಳು, ಮುಚ್ಚುವಳು. ಕಾಲು ಸುಮ್ಮನಿರುತ್ತಿರಲಿಲ್ಲ. ಒಂದು ಮುಂಜಾನೆ ಎಲ್ಲಿಂದಲೋ ನೀಲಿ ಬಣ್ಣ ತಂದು ತಲೆಬಾಗಿಲಿಗೆ ಬಳಿಯಲು ನಿಂತಳು.

"ಓದಾಕಂತ ಬಂದೀಯೋ, ಬಾಗಲಾ ಬಳ್ಯಾಕ ಬಂದೀಯೋ?" ಎಂದೆ.

"ಇದೊಂದು ಮುಗಿಸಿ ಕುಂದರ್ತೀನಿ, ಅಣ್ಣಾ."

"ನಿನ್ನೆನೂ ಹಿಂಗ ಅಂದಿದ್ದಿ."

ಅವಳು ತಿರುಗಿ ನೋಡಲಿಲ್ಲ. ಬಳಿದಲ್ಲೇ ಮತ್ತೆ ಬಳಿಯತೊಡಗಿದಳು. ನಾನು ಅದನ್ನು ಸೋಮಾರಿತನವೆಂದೇ ತಿಳಿದಿದ್ದೆ. ಅವ್ವನಿಗೆ ಮಾತ್ರ ಅನುಮಾನ ಬಂದಿರಬೇಕು, ಅತ್ತೆಗೆ ಹೇಳಿಕಳಿಸಿದಳು.

ಗಿರಿಜವ್ವ ಅತ್ತೆ ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಬೈಯಲಿಲ್ಲ. ಬಣ್ಣ ಎಲ್ಲೆಲ್ಲಿ ತೆಳುವಾಗಿದೆ ಎಂದು ಕೋಲಿನಿಂದ ತೋರಿಸಿದರು, ನೀಲಗಂಗಾ ಅಲ್ಲಲ್ಲಿ ಮತ್ತೆ ಬಳಿದಳು. ಬಿಸಿಲೇರುವವರೆಗೂ ಇದೇ ನಡೆಯಿತು. ಕೊನೆಗೆ ಅತ್ತೆಯೇ ಕೇಳಿದರು.

"ಶಾಂತವ್ವ ಕಣ್ಣಾಗ ಬರತಾಳೇನ?"

ಶಾಂತವ್ವ ನಮ್ಮ ಓಣಿಯ ಸೊಸೆ. ಹಿಂದಿನ ಚಳಿಗಾಲದ ರಜೆಯಲ್ಲಿ ನೀಲಗಂಗಾ ಅತ್ತೆಯ ಜೊತೆ ಅವಳ ಹೆರಿಗೆಗೆ ಹೋಗಿದ್ದಳು. ಮಗು ಉಳಿಯಿತು. ಶಾಂತವ್ವ ಉಳಿಯಲಿಲ್ಲ.

ನೀಲಗಂಗಾ ಕುಂಚವನ್ನು ಡಬ್ಬಿಯಲ್ಲಿಟ್ಟು ನೆಲದ ಮೇಲೆ ಕೂತುಬಿಟ್ಟಳು. "ನೀವು ಏನೂ ತಪ್ಪು ಮಾಡಲಿಲ್ಲ ಅತ್ತೀ. ಪುಸ್ತಕದಾಗ ಇದ್ದದ್ದು ಎಲ್ಲಾ ಮಾಡಿದ್ರಿ. ಆದ್ರೂ ಆಕಿ ಹೋದ್ಲು. ನಾ ಪಾಸಾದ್ರ ಮುಂದ ಹೋಗೋರೆಲ್ಲ ನನ್ನ ಕೈಯಾಗ ಹೋಗತಾರ. ಪುಸ್ತಕ ತಗದ್ರ ಆಕಿ ಮಲಗಿದ್ದ ಖೋಲೀನ ಕಾಣ್ತೈತಿ."

"ನೀ ಪಾಸಾಗಲಿಲ್ಲಂದ್ರ ಯಾರೂ ಸಾಯಂಗಿಲ್ಲೇನ?"

ಅವಳು ಬೆರಳಿಗೆ ಅಂಟಿದ ಬಣ್ಣ ಒರೆಸಿಕೊಂಡಳು.

"ಆಕಿ ಹೋದ ಮ್ಯಾಲೆ ನನಗ ಅನ್ನ ಇಳೀಲಿಲ್ಲ" ಎಂದರು ಅತ್ತೆ. "ಇನ್ನ ಯಾರ ಮನಿಗೂ ಹೋಗಂಗಿಲ್ಲ ಅಂತ ಕದ ಹಾಕ್ಕೊಂಡೆ. ಅಷ್ಟರಾಗ ಕುಂಬಾರ ಓಣ್ಯಾಗ ಒಬ್ಬಾಕಿಗೆ ಬ್ಯಾನಿ ಸುರು ಆತು. ಎದ್ದು ಹೋದೆ. ಧೈರ್ಯ ಬಂದು ಹೋಗಲಿಲ್ಲವ್ವಾ, ಅಂಜಕೋತನ ಹೋದೆ."

"ಹೆರಿಗಿ ನಡುವ ನಾ ಏನರ ಮರತ್ರ?"

"ಮರತ್ರ ಕೇಳು. ನಾ ಇನ್ನೂ ಸತ್ತಿಲ್ಲ."

ಅಂದು ನೆಲಮನೆಗೆ ಇಳಿದ ಮೇಲೆ ಅವಳು ಓದಲು ಕೂತಳು. ಕೂತಳು ಎನ್ನುವುದಕ್ಕಿಂತ ತಿರುಗಿದಳು ಎನ್ನಬೇಕು. ಪುಸ್ತಕ ಹಿಡಿದು ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಓದಿದಳು. ಆದರೆ ಆ ಹೊತ್ತಿಗೆ ರಜೆ ಬಹುಪಾಲು ಸವೆದಿತ್ತು.

ಬಾಯಿಪರೀಕ್ಷೆಗೆ ಆಯಾ ಊರಿನವರೂ ಬಂದು ಕೂರಬಹುದು. ಗುರುಗಳ ಪ್ರಶ್ನೆ ಮುಗಿದ ಮೇಲೆ ಊರವರಲ್ಲಿ ಯಾರಾದರೂ ಒಬ್ಬರು ಒಂದು ಪ್ರಶ್ನೆ ಕೇಳುವ ಹಕ್ಕಿದೆ, ಅದಕ್ಕೆ ಊರಪ್ರಶ್ನೆ ಎಂದು ಹೆಸರು. ಸಾಮಾನ್ಯವಾಗಿ ಯಾರಾದರೂ ಹಿರಿಯರು ಎದ್ದು ಬಾಣಂತಿಯ ಪಥ್ಯವನ್ನು ಕೇಳಿ ಕೂರುತ್ತಾರೆ. ನೀಲಗಂಗಾಳ ಪರೀಕ್ಷೆಯ ಮುಂಜಾನೆ ಎದ್ದು ನಿಂತವನು ಶಾಂತವ್ವನ ಗಂಡ ಯಮನೂರಪ್ಪ. ಮಗು ಅವನ ಹೆಗಲ ಮೇಲೆ ಮಲಗಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನನ್ನ ಹೆಂಡ್ತಿ ಯಾಕ ಸತ್ಲು?" ಎಂದು ಅವನು ಕೇಳಿದ.

 ಒಬ್ಬ ಗುರುಗಳು, ಈ ಪ್ರಶ್ನೆಗೆ ಉತ್ತರಿಸದಿದ್ದರೂ ನಡೆಯುತ್ತದೆ ಎಂದರು. ಅವಳು ತಲೆಯಲ್ಲಾಡಿಸಿ ಅವನ ಕಡೆಗೇ ತಿರುಗಿದಳು.

"ಕೂಸು ಹೊರಗ ಬಂದ ಮ್ಯಾಲೆ ಗರ್ಭಕೋಶ ಮುಷ್ಟಿಯಂಗ ಬಿಗಿಬೇಕ್ರಿ. ಬಿಗದ್ರ ರಕ್ತ ನಿಲ್ಲತೈತಿ. ಶಾಂತವ್ವಕ್ಕಗ ಬಿಗೀಲಿಲ್ಲ. ಅತ್ತಿ ಹೊಟ್ಟಿ ತಿಕ್ಕಿದ್ರು, ಸೂಜಿ ಕೊಟ್ರು, ಕೈಲೆ ಒತ್ತಿ ಹಿಡದ್ರು, ರಕ್ತಾ ಏರಿಸಿದ್ರು. ನಾ ದೀಪ ಹಿಡಕೊಂಡು ಅಲ್ಲೇ ನಿಂತಿದ್ದೆ. ಅಷ್ಟೆಲ್ಲ ಮಾಡಿದ್ರೂ ಯಾಕ ಬಿಗೀಲಿಲ್ಲ ಅನ್ನೋದು ನನಗ ಗೊತ್ತಿಲ್ರಿ, ಅಣ್ಣಾರ. ಮಂದಿಗೆ ಇನ್ನೂ ಎಲ್ಲಾ ಗೊತ್ತಾಗಿಲ್ಲ."

ಯಮನೂರಪ್ಪ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಉತ್ತರೀನ ದಿನಾ ಕೇಳತೀನಿ" ಎಂದ. "ದಿನಕ್ಕೊಂದು ಕಾರಣ ಹೇಳತೈತಿ. ಯಾರೂ ಗೊತ್ತಿಲ್ಲ ಅಂದಿದ್ದಿಲ್ಲ." ಹಾಗೆಂದು ಕೂತುಕೊಂಡ. ಮಗು ಎಚ್ಚರವಾಗಿ ಅಳತೊಡಗಿತು, ಅವನು ಬೆನ್ನು ತಟ್ಟುತ್ತ ಹೊರಗೆ ಹೋದ.

ಇಷ್ಟಾದ ಮೇಲೆ ಅವಳು ಪಾಸಾದಳೆಂದು ನೀವು ಭಾವಿಸಬಹುದು. ಇಲ್ಲ, ಫೇಲಾದಳು. ಎಳೆಗೂಸಿನ ಕಾಮಾಲೆಯ ಬಗ್ಗೆ ಗುರುಗಳು ಮೊದಲೇ ಕೇಳಿದ ಪ್ರಶ್ನೆಗಳಿಗೆ ಅವಳ ಬಳಿ ಉತ್ತರವಿರಲಿಲ್ಲ. ಆ ಪಾಠಗಳನ್ನು ಓದಬೇಕಿದ್ದ ದಿನಗಳಲ್ಲಿ ಅವಳು ಡಬ್ಬಿ ಜೋಡಿಸುತ್ತಿದ್ದಳು. ಗೊತ್ತಿಲ್ಲ ಎನ್ನುವುದು ಎರಡು ಬಗೆ ಎಂದು ಹಿರಿಯ ಗುರುಗಳು ತೀರ್ಪು ಹೇಳುವಾಗ ಅಂದರು. ಯಾರಿಗೂ ಗೊತ್ತಿಲ್ಲದ್ದು ಒಂದು, ನಾವು ಓದದೆ ಬಿಟ್ಟದ್ದು ಇನ್ನೊಂದು. ಎರಡನೆಯದಕ್ಕೆ ಕೂಸು ಬಲಿಯಾಗಬಾರದು. ಅವಳು ಅಳಲಿಲ್ಲ. ಮುಖ ಮಾತ್ರ ಬೆಂದುಹೋದಂತಿತ್ತು.

ಅವಳು ಸೋತದ್ದರಿಂದ ಅತ್ತೆ ಇನ್ನೂ ಒಂದು ವರ್ಷ ಆ ಮಂಡಿಗಳಲ್ಲೇ ಊರು ಸುತ್ತಬೇಕಾಯಿತು. ನೀಲಗಂಗಾ ಅವರ ಚೀಲ ಹೊತ್ತು ಹಿಂದೆ ಹೋದಳು, ದಾರಿಯುದ್ದಕ್ಕೂ ಪಾಠ ಒಪ್ಪಿಸಿದಳು, ತಪ್ಪಿದಲ್ಲಿ ಅತ್ತೆ ನಿಂತು ತಿದ್ದಿದರು. ಕೆಲವು ದಿನ ಹೊಸ್ತಿಲಲ್ಲೇ ನಿಂತು ಒಳಗೆ ಕಾಲಿಡಲಾರದೆ ಹೋದಳು. ಆಗ ಅತ್ತೆ ಹೆಸರು ಹಿಡಿದು ಕರೆಯುತ್ತಿದ್ದರು, ಅಷ್ಟೇ. ಮುಂದಿನ ಸಲ ಅವಳು ಪಾಸಾದಳು. ಗುರುಗಳ ಮುಂದೆಯೂ ಅವಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲವೆಂದು ಅಲ್ಲಿದ್ದವರು ಈಗಲೂ ನಗುತ್ತಾರೆ.

ನಿಮ್ಮ ಕಾಲದಲ್ಲೂ ಉತ್ತರಿಯಂಥದ್ದು ಆಗಲೇ ಬಂದಿದೆ, ಓದದಿದ್ದರೂ ನಡೆಯುತ್ತದೆ ಎಂದು ಅನೇಕರಿಗೆ ಅನ್ನಿಸುತ್ತಿದೆ ಎಂದು ಕೇಳಿದ್ದೇನೆ. ಅದರ ಬಗ್ಗೆ ಉಪದೇಶ ಮಾಡಲಾರೆ. ಒಂದೇ ಕೋರಿಕೆ. ನಿಮ್ಮನ್ನು ಪುಸ್ತಕದಿಂದ ಎಬ್ಬಿಸುವುದು ಸೋಮಾರಿತನವಲ್ಲದೆ ಭಯವಾಗಿದ್ದರೆ, ಅದನ್ನು ಯಾರಾದರೊಬ್ಬರ ಮುಂದೆ ಬಾಯಿಬಿಟ್ಟು ಹೇಳಿ. ರಜೆ ಮುಗಿಯುವ ಮುಂಚೆ ಹೇಳಿ. ಆಮೇಲೆ ಭಯವನ್ನು ಪಕ್ಕದಲ್ಲೇ ಕೂರಿಸಿಕೊಂಡು ಓದಿ. ನಾವು ಇನ್ನೂ ಹುಟ್ಟಿಲ್ಲ. ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರನ್ನು ಹೆರುವವರ ಪಕ್ಕದಲ್ಲಿ ನಿಲ್ಲಬೇಕಾದವರು ಈಗ ನಿಮ್ಮ ಕಾಲೇಜುಗಳಲ್ಲಿದ್ದಾರೆ.

ಇಂತು ನಿಮ್ಮವ,
ಕಳಕಪ್ಪ