ನಳಿಗೆಯಲ್ಲಿ ಸಿಕ್ಕಿದ ರಾಡು

ಗುಬ್ಬಿ
3-4-2024

ಗೆಳೆಯ ಶಿವರಾಮಯ್ಯನಿಗೆ ಚನ್ನಬಸವಯ್ಯನ ಶರಣು.

ನಿನ್ನ ಕಾಗದ ಬಂದು ತಿಂಗಳಾಯಿತು. ಅಮೃತೂರಿನಲ್ಲಿ ಕೂತು ನನ್ನನ್ನು ಬೈದುಕೊಳ್ಳುತ್ತಿರುತ್ತೀಯ. ಫೋನ್ ಮಾಡಿದರೆ ನಿನಗೆ ಕಿವಿ ಕೇಳಿಸುವುದಿಲ್ಲ, ಬರೆಯೋಣವೆಂದರೆ ನನಗೆ ಸೋಮಾರಿತನ. ಕ್ಷಮಿಸಿಬಿಡು. ಈಗ ಮಾತ್ರ ಬರೆಯದೆ ಇರಲಾರೆ. ನನ್ನ ಸೊಸೆ ಸುಮನಾಳ ಸುದ್ದಿ.

ಚುನಾವಣೆ ಬಂತಲ್ಲ, ಲೈಸೆನ್ಸ್ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಪಕ್ಕದ ತೋಟದ ಪ್ರಭುದೇವ ತನ್ನ ಒಂಟಿ ನಳಿಗೆಯ ಕೋವಿಯನ್ನು ಒಪ್ಪಿಸುವ ಮುಂಚೆ ಕ್ಲೀನ್ ಮಾಡಿಸಲು ಎಂದಿನಂತೆ ನನ್ನ ಹತ್ತಿರ ತಂದ. ತುಮಕೂರಿನ ಪೊಲೀಸ್ ಆರ್ಮರಿಯಲ್ಲಿ ನೀನೂ ನಾನೂ ಮೂವತ್ತು ವರ್ಷ ಕೋವಿ ಬಿಚ್ಚಿ ಕಟ್ಟಿದ ಹೆಸರು ಇಲ್ಲಿ ಇನ್ನೂ ನಡೆಯುತ್ತಿದೆ. ಅವತ್ತೇ ಕಡೆಯ ದಿನ. ಅಂಥ ಹೊತ್ತಿನಲ್ಲಿ ಬಟ್ಟೆ ಸುತ್ತಿದ ಕ್ಲೀನಿಂಗ್ ರಾಡು ನಳಿಗೆಯ ನಡುವೆ ಸಿಕ್ಕಿಕೊಂಡಿತು. ಎಳೆದರೆ ಹಿಡಿ ಕಿತ್ತು ಕೈಗೆ ಬಂತು, ರಾಡು ಒಳಗೇ ಉಳಿಯಿತು. ಇಷ್ಟು ವರ್ಷದ ಹೆಸರು ಇವತ್ತಿಗೆ ಮುಗಿಯಿತೆಂದು ಬೆವರಿಬಿಟ್ಟೆ.

ಪ್ರಭುದೇವ ಏನಂದ ಗೊತ್ತಾ? "ಒಂದ್ ತೋಟಾ ಹಾಕಿ ಹೊಡ್ದ್‌ಬುಡಾನ ಬುಡಿ, ಹಾರೋಯ್ತದೆ."

ಹೊಲಿಗೆ ಮಿಷನ್ ಮುಂದಿದ್ದ ಸುಮನಾ ಎದ್ದು ಬಂದಳು. "ನಳಿಗೆ ಸಿಡಿದ್ರೆ ನಿಮ್ ಕೈಯೂ ಹಾರೋಯ್ತದೆ ಅಣ್ಣ. ಕೊಡಿ ಇಲ್ಲಿ. ಬಟ್ಟೆ ದಪ್ಪ ಕಟ್ಕೊಟ್ಟಿದ್ದು ನಾನು, ತಪ್ಪು ನಂದೇ."

ಒಳಗೆ ತೋಟಾ ಇಲ್ಲವೆಂದು ನೋಡಿ, ನಳಿಗೆಯನ್ನು ಬೇರೆ ಮಾಡಿದಳು. ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಎರಡೂ ಕಡೆಯಿಂದ ಬಿಟ್ಟು ಗೋಡೆಗೆ ಒರಗಿಸಿದಳು. ಪ್ರಭುದೇವ ಸುತ್ತಿಗೆ ಎತ್ತಿಕೊಂಡರೆ, "ಬಡೀಬಾರ್ದು ಅಣ್ಣ, ಎಣ್ಣೆ ಇಳಿಯೋಕೆ ಬಿಡ್ಬೇಕು. ನನ್ ಮಿಷನ್ನೂ ಹಿಂಗೇ ಹಠ ಮಾಡ್ತದೆ" ಎಂದು ಕಾಫಿ ಕೊಟ್ಟಳು. ಗಂಟೆ ಬಿಟ್ಟು ನಳಿಗೆಯ ಬಾಯಿಂದ ಬಿದಿರು ಕೋಲು ಇಳಿಸಿ, ಅಂಗೈಯಲ್ಲಿ ತಟ್ಟುತ್ತಾ ಹಿಂದಕ್ಕೆ ನೂಕಿದಳು. ಬಾಯಿಯ ಹತ್ತಿರ ನಳಿಗೆ ಕಿರಿದಲ್ಲವೇ, ಮುಂದಕ್ಕೆ ನೂಕಿದ್ದರೆ ಇನ್ನೂ ಬಿಗಿಯುತ್ತಿತ್ತು. ಅದನ್ನು ನಾನು ಅವಳಿಗೆ ಯಾವತ್ತೂ ಹೇಳಿಕೊಟ್ಟವನಲ್ಲ. ರಾಡು ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಒಳಗೆ ಒಂದು ಗೀರಿಲ್ಲ ಕಣೋ!

"ಯಾರವ್ವ ಕಲ್ಸಿದ್ದು?" ಎಂದು ಪ್ರಭುದೇವ ಕೇಳಿದ. "ನಮ್ ಮಾವ" ಅಂದಳು. ನನ್ನ ಎದೆ ಉಬ್ಬಿಹೋಯಿತು. ಐದು ಗಂಟೆಗೆ ಕೋವಿ ಠಾಣೆ ಸೇರಿತು. ಅವತ್ತಿನಿಂದ ಕಂಡವರಿಗೆಲ್ಲ ಸೊಸೆಯ ಗುಣಗಾನವೇ ನನ್ನ ಕೆಲಸ, ಕೇಳಿ ಕೇಳಿ ಮಗನಿಗೇ ಬೇಸರ ಬಂದಿದೆ.

ನಿನ್ನ ಭದ್ರಮ್ಮನಿಗೆ ಶರಣು ತಿಳಿಸು. ಮೊಮ್ಮಕ್ಕಳು ನೂರು ಕಾಲ ಬಾಳಲಿ.

ನಿನ್ನ,
ಚನ್ನಬಸವಯ್ಯ

ತಾ.ಕ.: ಆ ಬಟ್ಟೆ ಕಟ್ಟಿದ್ದು ಸುಮನಾ ಅಲ್ಲ ಕಣೋ, ನಾನು. ಸಕ್ಕರೆ ಕಾಯಿಲೆಯಿಂದ ಒಂದು ವರ್ಷವಾಯಿತು, ಬೆರಳ ತುದಿಗೆ ಏನೂ ತಿಳಿಯುವುದಿಲ್ಲ. ಒಂದು ಪದರವೋ ಮೂರು ಪದರವೋ ಗೊತ್ತಾಗಲಿಲ್ಲ. ಯಾರಿಗೂ ಹೇಳಿರಲಿಲ್ಲ, ಅವಳು ಹೇಗೋ ಕಂಡುಕೊಂಡಿದ್ದಾಳೆ. ಹೋಗುವಾಗ ಪ್ರಭುದೇವ ಅವಳಿಗೆ, "ಇನ್ಮೇಲಾದ್ರೂ ನೋಡ್ಕಂಡ್ ಕಟ್ಟವ್ವ" ಎಂದು ಬುದ್ಧಿ ಹೇಳಿದ. ಅವಳು ಹೂಂ ಅಂದಳು. ನಾನೂ ಪಕ್ಕದಲ್ಲಿ ಕೂತು ಹೂಂ ಅಂದೆ.