ಬಳ್ಳಾರಿ ಬಸ್ಸಿನ ಬುತ್ತಿ

೧೪ ನವೆಂಬರ್ ೧೯೮೯, ಮಂಗಳವಾರ.

ಒಳ್ಳೆಯ ಸುದ್ದಿ ಕೇಳಿ ಅತ್ತೆ ಯಾಕೆ ಮಂಕಾದರೋ! ಅವರ ರಕ್ತದಲ್ಲಿ ಒಂದು ಪ್ರೋಟೀನ್ ಹೆಚ್ಚಿದೆ. ರೋಗವಲ್ಲ, ಆಗಾಗ ಪರೀಕ್ಷೆ ಮಾಡಿಸುತ್ತಿದ್ದರೆ ಸಾಕು. ಅದಕ್ಕೇ ಆರು ತಿಂಗಳಿಗೊಮ್ಮೆ ಬಳ್ಳಾರಿಗೆ ಕರೆದೊಯ್ಯುತ್ತಿದ್ದೆ. ಇವತ್ತು ಅಲ್ಲಿನ ದೊಡ್ಡ ಡಾಕ್ಟರು, “ಏನೂ ಬದಲಾಗಿಲ್ರಿ. ಇನ್ನ ಇಲ್ಲಿತನ ಬರಾದು ಬ್ಯಾಡ, ವರ್ಷಕ್ಕೊಮ್ಮೆ ನಿಮ್ಮ ಕಂಪ್ಲಿ ಡಾಕ್ಟರೇ ನೋಡ್ತಾರ” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬುತ್ತಿ ಬಿಚ್ಚಲೇ ಇಲ್ಲ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ನಾನೊಬ್ಬಳೇ ಉಣ್ಣುವುದು ಪದ್ಧತಿ. ಆ ಬಸ್ಸಿನಲ್ಲಷ್ಟೇ ನಾವಿಬ್ಬರೂ ಒಂದೇ ಬುತ್ತಿಗೆ ಕೈ ಹಾಕುತ್ತಿದ್ದೆವು.

ಈಗ ಅಡುಗೆಮನೆಯಲ್ಲಿ ಉಣ್ಣಲು ಕೂತಿದ್ದೆ. ಅತ್ತೆ ಅದೇ ಬುತ್ತಿ ಹಿಡಿದು ಬಂದರು. “ಸ್ವಲ್ಪ ಜರಗು ನೀಲಮ್ಮ. ಇದೂ ಬಸ್ಸು ಅಂತ ತಿಳ್ಕ.”

ರೊಟ್ಟಿ ಒಣಗಿತ್ತು. ಬೇಕೆಂದೇ ನಿಧಾನವಾಗಿ ತಿಂದೆವು.