ಅಮ್ಮ ಕಳಿಸಿದ ಕೋಳಿಗಳು ಮಾಳಿಗೆಯ ಮೇಲೇ ಇರಲಿ

ಶಂಶಾದ್,

ಕೋಳಿ ಹೇನಿನ ಔಷಧಿ ತರಲು ದಾವಣಗೆರೆಗೆ ಹೊರಟೆ. ಆನಗೋಡಿನಿಂದ ನಿಮ್ಮಮ್ಮ ಕಳಿಸಿದ ಕೋಳಿಗಳನ್ನು ನಮ್ಮ ಗೂಡಿಗೆ ಬಿಡಲೇಬೇಡ, ಮಾಳಿಗೆಯ ಮೇಲೇ ಇರಲಿ. "ಕತ್ತಲಾದ ಮ್ಯಾಲೆ ಒಳಗೆ ಬಿಟ್ರೆ, ಹಳೇ ಕೋಳಿ ಬೆಳಿಗ್ಗೆ ಎದ್ದು ಇವೂ ನಮ್ಮವೇ ಅನ್ಕೊಂತಾವೆ, ಸುಮ್ನಿರ್ರಿ" ಅಂತ ನಿನ್ನೆ ಅಂದೆಯಲ್ಲ, ಕೋಳಿ ಮೋಸ ಹೋದೀತು, ಹೇನು ಹೋಗದು. ನಮ್ಮ ಗೂಡಿನ ಸಂದಿಯಲ್ಲಿರುವ ಹೇನುಗಳಿಗೆ ಓಟಿನ ಹಕ್ಕು ಕೊಟ್ಟರೆ ಹರಿಹರದ ಶಾಸಕರನ್ನು ಅವೇ ಆರಿಸಿಯಾವು!

ಮೊದಲು ಮೇಲಿನವಕ್ಕೆ ಕಾಳು, ನೀರು ಇಡು, ಆಮೇಲೆ ಕೆಳಗಿನವಕ್ಕೆ. ಕೆಳಗಿನವನ್ನು ಮುಟ್ಟಿದ ಕೈಯಲ್ಲಿ ಮತ್ತೆ ಮೇಲೆ ಹತ್ತಬೇಡ. ಗೂಡಿನ ಹಳೇ ಹುಲ್ಲೆಲ್ಲ ಸುಟ್ಟಿದ್ದೇನೆ. ಔಷಧಿ ಹೊಡೆದು, ಸುಣ್ಣ ಬಳಿದು, ದನದ ಡಾಕ್ಟರ್ ಹೂಂ ಅಂದ ಮೇಲೆಯೇ ನಡುವೆ ಜಾಲರಿ ಇಟ್ಟು ಒಂದರ ಮುಖ ಒಂದಕ್ಕೆ ತೋರಿಸೋಣ.

ನಿಮ್ಮಮ್ಮ ಮರಿಯಿಂದಲೂ ಅಂಗೈಯಲ್ಲಿ ಕಾಳು ತಿನ್ನಿಸಿ ಸಾಕಿದ ಕೋಳಿಗಳವು. ಅವಕ್ಕೆ ಹೇನು ಹತ್ತಿದರೆ ನಾನು ಈ ಜನ್ಮದಲ್ಲಿ ಆನಗೋಡಿಗೆ ಕಾಲಿಡಲಾರೆ. ಅವರು ಫೋನ್ ಮಾಡಿ, "ನಮ್ಮ ಕೋಳಿಗೇನ್ ರೋಗ ಐತೆ ಅಂತ ಬ್ಯಾರೆ ಇಟ್ಟೀರಿ?" ಅಂತ ರೇಗಿದರೆ, ರೋಗ ಇರುವುದು ಅಳಿಯನ ಕೋಳಿಗಳಿಗೆ ಅಂತ ಧೈರ್ಯವಾಗಿ ಹೇಳಿಬಿಡು. ಬೈಸಿಕೊಳ್ಳುವುದರಲ್ಲಿ ತುಂಗಭದ್ರೆಯ ಎರಡೂ ದಡದಲ್ಲಿ ನನ್ನನ್ನು ಮೀರಿಸುವ ಗಂಡಸಿಲ್ಲ.

ದಾದಾಪೀರ್